ಕೋವಿ ತಮ್ಮನಿಗೆ, ನಾಯಿಗಳು ನನಗೆ

ಅಕ್ಟೋಬರ್ 27, 1989

ಕೋವಿ ತಮ್ಮನಿಗೆ, ನಾಯಿಗಳು ನನಗೆ. ವಕೀಲರು ಅಪ್ಪನ ಉಯಿಲು ಓದಿ ಮುಗಿಸಿ, ಕನ್ನಡಕ ತೆಗೆದು, “ಸಮಾಧಾನ ತಾನೇ ವೆಲ್ಡಾ?” ಎಂದು ನನ್ನನ್ನೇ ಕೇಳಿದರು. ಎದುರಿಗಿದ್ದ ಕಾಫಿಯನ್ನು ಅವರ ಅಂಗಿಯ ಮೇಲೆ ಸುರಿಯಬೇಕೆನಿಸಿತು.

ಮನೆ, ಹುಲ್ಲುಗಾವಲು, ದನ ಎಲ್ಲ ಇಬ್ಬರಿಗೂ ಸಮಪಾಲು. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಕೋವಿ! ತಾತನ ಕಾಲದ ಜೋಡಿನಳಿಗೆ. ಬೆನ್ನ ಮೇಲೆ ಬೆಕ್ಕಿನ ಕಿವಿಯಂತೆ ನಿಂತ, ತೋಟಾ ಸಿಡಿಸುವ ಎರಡು ಕುದುರೆ. ತಲೆಮಾರುಗಳ ಕೆನ್ನೆ ಒರಗಿ ಒರಗಿ ನುಣುಪಾದ ಮರದ ಹಿಡಿ. ಅದಕ್ಕೆ ಎಣ್ಣೆ ಹಾಕಿ ಒರೆಸಿದವಳು ನಾನು. ಒರೆಸಲು ಹೆಣ್ಣಿನ ಕೈ ಆಗುತ್ತಿತ್ತು, ಹೊಡೆಯಲು ಆಗುತ್ತಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಒಮ್ಮೆ ಹೆಗಲಿಗೆ ಏರಿಸಿ ನೋಡಿದ್ದಕ್ಕೆ ಅಪ್ಪ ಕೆನ್ನೆಗೆ ಬಾರಿಸಿದ್ದ. “ಅದು ನಿನ್ನ ತಮ್ಮನದು” ಎಂದಿದ್ದ. ತಮ್ಮ ಆಗ ಒಂಬತ್ತು ವರ್ಷದ ಪುಕ್ಕಲ.

ಅಪ್ಪನನ್ನು ನಾನು ಅನ್ನುವುದಿಲ್ಲ. ಸಕ್ಕರೆ ಕಾಯಿಲೆಗೆ ಕಾಲು ಹೋದ ಮೇಲೆ ಹತ್ತು ವರ್ಷ ಕುರ್ಚಿಯಲ್ಲೇ ಕೂತವನು, ಕೊನೆಕೊನೆಗೆ ಬುದ್ಧಿಯೂ ನೆಟ್ಟಗಿರಲಿಲ್ಲ. ಅವನ ಕಿವಿ ಊದಿದವನು ಈ ತಮ್ಮ, ಫೋರ್ಟ್ ವರ್ತ್ ಪಟ್ಟಣದಲ್ಲಿ ಹಲ್ಲು ಕೀಳುವ ಡಾಕ್ಟರ್ ಗಾರ್ಲೆಂಡ್ ಸಾಹೇಬರು. ವರ್ಷಕ್ಕೊಮ್ಮೆ ಬೇಟೆಯ ಕಾಲಕ್ಕೆ ಬಂದು ನನ್ನ ನಾಯಿಗಳ ಹಿಂದೆ ಕೋವಿ ಹಿಡಿದು ತಿರುಗಿ, ನಾನು ಕರಿದ ಹಕ್ಕಿ ತಿಂದು ಹೋಗುತ್ತಿದ್ದವರು. ಇವತ್ತು ವಕೀಲರ ಮುಂದೆ ನೆಲ ನೋಡುತ್ತ ಕೂತಿದ್ದರು. ನಾಚಿಕೆಯಾಗಿರಬೇಕು. ಆಗಲಿ.

ಅಕ್ಟೋಬರ್ 31

ದನದ ಮೇವು, ನಾಯಿ ತಿಂಡಿ ಮಾರುವ ಫೀಡ್ ಅಂಗಡಿಯ ಕ್ಲೀಟಸ್‌ಗೆ ಊರಿನ ಸುದ್ದಿಯೆಲ್ಲ ಬೇಕು. “ಅದೊಂದು ಹಳೇ ಕೋವಿಗೆ ಇಷ್ಟೊಂದು ರಾದ್ಧಾಂತ ಯಾಕಮ್ಮಾ? ಹೊಸಾದು ತಗೋ, ಇಲ್ಲೇ ಗೋಡೆಗೆ ನೇತುಹಾಕಿದೀನಲ್ಲ” ಎಂದ. ನಾಯಿಗಳ ತಿಂಡಿಯ ಚೀಲ ಹೆಗಲಿಗೆ ಹಾಕಿಕೊಂಡು ಬಂದೆ. ಇವನಿಗೇನು ಹೇಳುವುದು! ನನಗೆ ಕೋವಿ ಬೇಕಿರಲಿಲ್ಲ. ಅಪ್ಪ ಅದನ್ನು ಕೊಡಬೇಕಿತ್ತು. ಎರಡೂ ಒಂದೇ ಅಲ್ಲ.

ನವೆಂಬರ್ 4

ಬೇಟೆಯ ಮೊದಲ ಶನಿವಾರ. ಬಂದೇ ಬಂದರು ಡಾಕ್ಟರ್ ಸಾಹೇಬರು. ಹೊಸ ಕ್ಯಾನ್ವಾಸ್ ಪ್ಯಾಂಟು, ಹೊಸ ಬೂಟು. ಅಂಗಡಿಯಿಂದ ತಂದ ಪೆಕಾನ್ ಬೀಜದ ಸಿಹಿ ಒಂದು ಡಬ್ಬಿ. ನಾನು ಅದನ್ನು ತೆರೆಯಲಿಲ್ಲ.

“ನಾಯಿಗಳನ್ನ ಬಿಡ್ತೀಯಾ ಅಕ್ಕಾ?”

“ಬಿಡದೆ ಏನು ಮಾಡ್ಲಿ? ಹಕ್ಕಿ ಕಾಲ ಬಂದಿದೆ ಅಂತ ಅವಕ್ಕೆ ಗೊತ್ತು. ನಿನಗೋಸ್ಕರ ಅಲ್ಲ.”

ಅಪ್ಪನ ಕಾಲದಲ್ಲಿ ಬೇಟೆಗೆ ಹೆಣ್ಣು ಬರುವಂತಿರಲಿಲ್ಲ; ಈ ಸಲ ನಾನೂ ಹೊರಟೆ. ಬೇಸಿಗೆಯಲ್ಲಿ ಮಳೆ ಚೆನ್ನಾಗಿ ಬಿದ್ದಿತ್ತು. ಜಾಲಿ ಪೊದೆಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಲಾವಕ್ಕಿ ಎಲ್ಲಿ ನೋಡಿದರೂ. ಮುದಿ ನಾಯಿ ಹ್ಯಾಂಕ್ ಒಣಹಳ್ಳದ ದಂಡೆಯಲ್ಲಿ ಮೊದಲು ನಿಂತಿತು, ಹಕ್ಕಿ ಇಲ್ಲಿದೆ ಎಂದು ತೋರಿಸುವ ನಿಲುವು. ಬಾಲ ನೆಟ್ಟಗೆ, ಮೂಗು ಪಾಪಸ್ಕಳ್ಳಿಯ ಬುಡಕ್ಕೆ, ಮುಂಗಾಲೊಂದು ಗಾಳಿಯಲ್ಲಿ. ಹಿಂದೆ ಟಿಲ್ಲಿ, ಇನ್ನೂ ಎರಡು ತುಂಬದ ಹೆಣ್ಣು ಮರಿ, ಹ್ಯಾಂಕ್ ನಿಂತದ್ದನ್ನು ಕಂಡು ತಾನೂ ಕಲ್ಲಾಗಿ ನಿಂತಿತು. ಅದಕ್ಕೆ ಹಾಗೆ ನಿಲ್ಲುವುದನ್ನು ಕಲಿಸಲು ನಾನು ಇಡೀ ಬೇಸಿಗೆ ಬೆವರು ಸುರಿಸಿದ್ದೇನೆ. ಸಾಹೇಬರು ಮುಂದೆ ಹೋದರು. ಹಕ್ಕಿಗಳು ಬುರ್ರನೆ ಎದ್ದವು, ಇಡೀ ಗುಂಪು. ಎರಡು ನಳಿಗೆಯೂ ಸಿಡಿಯಿತು. ಒಂದು ಗರಿಯೂ ಉದುರಲಿಲ್ಲ.

ಸಂಜೆವರೆಗೂ ಹೀಗೆಯೇ. ಕೊನೆಕೊನೆಗೆ ಹ್ಯಾಂಕ್ ಈಡು ಕೇಳಿದೊಡನೆ ಹಕ್ಕಿಯ ಕಡೆ ನೋಡುವುದನ್ನೇ ಬಿಟ್ಟು, ತಿರುಗಿ ಇವರ ಮುಖ ನೋಡತೊಡಗಿತು. ನಾನೂ ಅದೇ ನೋಟ ನೋಡಿದೆ.

ನವೆಂಬರ್ 12

ಮತ್ತೆ ಬಂದರು. ಮತ್ತೆ ಒಂದೂ ಬೀಳಲಿಲ್ಲ. ನಲವತ್ತೇಳು ವರ್ಷದ ಗಂಡಸು, ದಿನವಿಡೀ ಜನರ ಬಾಯೊಳಗೆ ಕೂದಲೆಳೆಯಷ್ಟು ತೂತು ಹುಡುಕುವವರು, ಕಣ್ಣೆದುರು ಏಳುವ ಹಕ್ಕಿ ಕಾಣದೇ?

ಹಕ್ಕಿ ನಾಯಿ ಬೇರೆ ಏನನ್ನೂ ಕೇಳುವುದಿಲ್ಲ. ಅನ್ನ ಹಾಕದಿದ್ದರೂ ಓಡುತ್ತದೆ. ಅದು ಹುಡುಕಿ ತೋರಿಸಿದ್ದನ್ನು ನಾವು ಹೊಡೆದು ಅದರ ಬಾಯಿಗೆ ಕೊಡಬೇಕು, ಅಷ್ಟೇ. ಹೀಗೇ ಆದರೆ ಟಿಲ್ಲಿ ಕೆಟ್ಟುಹೋಗುತ್ತದೆ. ತನ್ನ ಕೆಲಸಕ್ಕೆ ಅರ್ಥವಿಲ್ಲ ಎಂದು ಅದಕ್ಕೆ ಒಮ್ಮೆ ಅನ್ನಿಸಿಬಿಟ್ಟರೆ ಮುಗಿಯಿತು.

ಹೊರಡುವಾಗ, “ಬರೋ ವಾರ ಬರಲಾ?” ಎಂದು ಕೇಳಿದರು. “ಕೋವಿ ನಿಂದು, ಕಾಲೂ ನಿಂದು” ಎಂದೆ.

ನವೆಂಬರ್ 23

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಪ್ಪನಿಲ್ಲದ ಮೊದಲ ಹಬ್ಬ. ತಮ್ಮನ ಹೆಂಡತಿ ತನ್ನ ತಾಯಿಯ ಮನೆಗೆ ಹೋಗಿದ್ದಳಂತೆ. ಒಬ್ಬನೇ ಬಂದ. ಟರ್ಕಿ ಕೋಳಿ ಸ್ವಲ್ಪ ಒಣಗಿಹೋಗಿತ್ತು. “ಚೆನ್ನಾಗಿದೆ ಅಕ್ಕಾ” ಎಂದ. ಸುಳ್ಳ.

ಹ್ಯಾಂಕ್ ಅವನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ನಾಯಿಗಳಿಗೆ ಮರ್ಯಾದೆ ಎನ್ನುವುದೇ ಇಲ್ಲ.

ಡಿಸೆಂಬರ್ 4

ನಿನ್ನೆ ನಡೆದದ್ದನ್ನು ನಿನ್ನೆ ಬರೆಯಲು ಕೈ ಬರಲಿಲ್ಲ.

ಮಧ್ಯಾಹ್ನ ಕೆಂಪು ದಿಣ್ಣೆಯ ಹಿಂದೆ ಟಿಲ್ಲಿ ನಿಂತಿತು. ಒಂಟಿಯಾಗಿ, ಹ್ಯಾಂಕಿನ ಸಹಾಯವಿಲ್ಲದೆ. ಅಷ್ಟು ಚಂದದ ನಿಲುವನ್ನು ನಾನು ನೋಡಿಲ್ಲ. ತಮ್ಮ ಎರಡೂ ಕುದುರೆ ಹಿಂದಕ್ಕೆಳೆದು ಮುಂದೆ ಹೋದ. ನಾನು ಅವನ ಬಲಕ್ಕಿದ್ದೆ. ಹಕ್ಕಿಗಳು ಇನ್ನೂ ಹುಲ್ಲಿನಲ್ಲೇ ಇದ್ದವು. ಆಗಲೇ ಅವನ ಕೋವಿ ಮೆಲ್ಲಗೆ ಮೇಲೇರತೊಡಗಿತು, ಹಕ್ಕಿ ಏಳುವ ಎತ್ತರಕ್ಕಿಂತ ಎಷ್ಟೋ ಮೇಲೆ, ಖಾಲಿ ಆಕಾಶಕ್ಕೆ. ಅವನ ಕಣ್ಣು ಮುಚ್ಚಿತ್ತು.

ಬೇಕೆಂದೇ! ಇಷ್ಟು ದಿನವೂ ಬೇಕೆಂದೇ!

ತಲೆಗೆ ಬೆಂಕಿ ಹತ್ತಿದಂತಾಯಿತು. “ಕೊಡೋ ಇಲ್ಲಿ!” ಎಂದು ಕೋವಿಗೆ ಕೈ ಹಾಕಿ ಎಳೆದೆ. ಕುದುರೆ ಎಳೆದಿಟ್ಟ ಕೋವಿಗೆ. ನಾಯಿ ಎದುರಿಗಿದ್ದಾಗ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಅವರನ್ನು ಹೊಲದಿಂದ ಒದ್ದು ಓಡಿಸುತ್ತಿದ್ದೆ.

ಒಂದು ನಳಿಗೆ ಸಿಡಿಯಿತು. ಈಡು ನೆಲಕ್ಕೆ ಬಿದ್ದು, ಕಲ್ಲಿಗೆ ಬಡಿದ ಚರೆ ಚಿಮ್ಮಿ ಟಿಲ್ಲಿಯ ಹಿಂದೊಡೆಗೆ ಹೊಕ್ಕಿತು. ಅದು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ನೋವಿಗಿಂತ ಹೆಚ್ಚಾಗಿ ಆಶ್ಚರ್ಯದ ಕೂಗು. ತಾನೇನು ತಪ್ಪು ಮಾಡಿದೆ ಎಂದು ಕೇಳಿದಂತೆ.

ದನದ ಡಾಕ್ಟರು ಸಂತೆಗೆ ಹೋಗಿದ್ದರು, ಸಂಜೆಗೆ ಬರುವವರು. ತಮ್ಮ ಟಿಲ್ಲಿಯನ್ನು ಅಡಿಗೆಮನೆಯ ಮೇಜಿನ ಮೇಲೆ ಮಲಗಿಸಿದ. ಕಾರಿನಿಂದ ತನ್ನ ಕರಿ ಚೀಲ ತಂದ. ಹಲ್ಲಿಗೆ ಕೊಡುವ ಮರಗಟ್ಟಿಸುವ ಸೂಜಿಯನ್ನೇ ತೊಡೆಗೆ ಕೊಟ್ಟ. ಕಿಟಕಿಯ ಬೆಳಕಿಗೆ ಬಗ್ಗಿ, ಸಣ್ಣ ಚಿಮಟದಿಂದ ಒಂದೊಂದೇ ಚರೆ ತೆಗೆದು ಕಾಫಿ ಬಸಿಗೆ ಹಾಕುತ್ತ ಹೋದ. ಟಣ್. ಟಣ್. ಕೋವಿ ಹಿಡಿದಾಗ ಎಲೆಯಂತೆ ಅಲ್ಲಾಡುವ ಆ ಕೈ ಸ್ವಲ್ಪವೂ ನಡುಗಲಿಲ್ಲ. ನಾನು ನಾಯಿಯ ತಲೆ ಹಿಡಿದುಕೊಂಡಿದ್ದೆ.

“ಬೇಕಂತಲೇ ತಪ್ಪಿಸ್ತಿದ್ದೆ ಅಲ್ವಾ?” ಎಂದೆ.

“ಹೂಂ.”

“ಯಾವತ್ತಿಂದ?”

“ಮೊದಲಿಂದ.” ಅವನು ತಲೆ ಎತ್ತಲಿಲ್ಲ. “ಒಂಬತ್ತು ವರ್ಷ ನನಗೆ. ಮೊದಲನೇ ಹಕ್ಕಿ ಸಾಯ್ದೆ ಬಿತ್ತು. ಅಪ್ಪ ಅದನ್ನ ನನ್ನ ಕೈಗೆ ಕೊಟ್ಟು ಕತ್ತು ತಿರುವು ಅಂದ. ನನ್ನ ಕೈಲಿ ಆಗ್ಲಿಲ್ಲ ಅಕ್ಕಾ. ಅಂಗಿ ಒಳಗೆ ಬಚ್ಚಿಟ್ಟುಕೊಂಡೆ. ಅದರ ಎದೆ ಡವಡವ ಅಂತಿತ್ತು. ಅಲ್ಲಿದ್ದ ಗಂಡಸರೆಲ್ಲ ನಕ್ಕರು. ಅವತ್ತಿಂದ ಆಕಾಶಕ್ಕೆ ಹೊಡೆಯೋದು ಕಲಿತೆ.”

“ಮತ್ತೆ ಪ್ರತಿ ವರ್ಷ ತಂದು ನನ್ನ ಮುಂದೆ ಹಾಕ್ತಿದ್ದೆಯಲ್ಲ ಹಕ್ಕಿ?”

“ಅದು ಅಪ್ಪನ ಸ್ನೇಹಿತರು ಹೊಡೆದಿದ್ದು. ನನ್ನ ಚೀಲಕ್ಕೆ ಹಾಕ್ತಿದ್ರು. ಊರ ಮುಂದೆ ಅಪ್ಪನ ಮರ್ಯಾದೆ ಉಳೀಲಿ ಅಂತ.”

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಇರುತ್ತಾ? ಗಾಡಿಯಲ್ಲಿ ಕೂತು ದುರ್ಬೀನು ಹಿಡಿದು ನೋಡ್ತಿದ್ದ. ವಾಪಸ್ ಬಂದ ತಕ್ಷಣ ಒಂದೇ ಮಾತು. ‘ನಿಮ್ಮಕ್ಕ ಆಗಿದ್ರೆ ಒಂದೂ ತಪ್ಪಿಸ್ತಿರಲಿಲ್ಲ.’ ಪ್ರತಿ ವರ್ಷ. ಪ್ರತಿ ಸಲ.”

ಬಸಿಯಲ್ಲಿ ಇನ್ನೊಂದು ಚರೆ ಬಿತ್ತು.

“ನನಗ್ಯಾಕೆ ಹೇಳ್ಲಿಲ್ಲ ನೀನು?”

“ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ. ದಿನಾ ಜೊತೇಲಿ ಇದ್ದವಳು ನೀನಲ್ವಾ?”

“ಕೋವಿ ಬಂದ ದಿನವೇ ನನಗೆ ಕೊಟ್ಟುಬಿಡೋಕೆ ಏನಾಗಿತ್ತು ನಿನಗೆ?”

ಈಗ ತಲೆ ಎತ್ತಿದ. “ಅಪ್ಪ ನನಗೆ ಅಂತ ಕೊಟ್ಟಿದ್ದು ಅದೊಂದೇ ಅಕ್ಕಾ. ನಿನಗೆ ಹತ್ತು ವರ್ಷ ಕೊಟ್ಟ.”

“ಕೊಟ್ಟನಾ?” ನಾನು ಕಿರುಚಿದೆ; ನಾಯಿ ಬೆಚ್ಚಿತು, ದನಿ ತಗ್ಗಿಸಿದೆ. “ಅವನು ಕೊಡ್ಲಿಲ್ಲ ಕಣೋ, ತಗೊಂಡ. ಮಲಮೂತ್ರ ಬಳಿದೆ, ಕಾಲಿನ ಹುಣ್ಣು ತೊಳೆದೆ, ಉಪ್ಪಿಲ್ಲ ಅಂತ ಬೈಸ್ಕೊಂಡೆ. ಒಂದು ದಿನ, ಒಂದೇ ಒಂದು ದಿನ, ನಿನ್ನ ನಾಯಿಗಳು ಚೆನ್ನಾಗಿವೆ ವೆಲ್ಡಾ ಅನ್ನಲಿಲ್ಲ. ನನ್ನ ಮುಂದೆ ಆಡದ ಹೊಗಳಿಕೇನ ನಿನ್ನ ಹತ್ರ ಹೇಳ್ತಿದ್ನಂತೆ!”

ಅವನು ಮತ್ತೆ ಬಗ್ಗಿ ಕೆಲಸಕ್ಕೆ ತೊಡಗಿದ. ಅವನ ಮೂಗಿನ ತುದಿಯಿಂದ ಒಂದು ಹನಿ ನಾಯಿಯ ಮೈಮೇಲೆ ಬಿತ್ತು. ಬೆವರೇ ಇರಬೇಕು.

ಸಂಜೆ ಬಂದ ದನದ ಡಾಕ್ಟರು ನೋಡಿ, ಆಳಕ್ಕಿಳಿದ ಚರೆಗಳನ್ನು ಹಾಗೇ ಬಿಡಿ, ಇಷ್ಟು ಚೊಕ್ಕವಾಗಿ ನಾನೂ ತೆಗೆಯುತ್ತಿರಲಿಲ್ಲ ಎಂದರು.

ಡಿಸೆಂಬರ್ 6

ಟಿಲ್ಲಿ ಮುಟ್ಟಿದ್ದು ನೀರು ಮಾತ್ರ.

ಡಿಸೆಂಬರ್ 9

ಕೈಯಿಂದ ಸ್ವಲ್ಪ ಮಾಂಸ ತಿಂದಿತು. ಕುಂಟುತ್ತ ಅಂಗಳಕ್ಕೆ ಬಂತು. ಗಾರ್ಲೆಂಡ್ ದಿನಾ ಫೋನ್ ಮಾಡುತ್ತಾನೆ. “ಹೇಗಿದೆ?” ಎನ್ನುತ್ತಾನೆ, “ಇದೆ” ಎನ್ನುತ್ತೇನೆ. ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡಿರುತ್ತೇವೆ.

ಡಿಸೆಂಬರ್ 15

ಕಾಲು ವಾಸಿಯಾಗುತ್ತಿದೆ. ಆದರೆ ಬಾಗಿಲು ದಡ್ಡನೆ ಮುಚ್ಚಿಕೊಂಡರೆ ಸಾಕು, ಟಿಲ್ಲಿ ಮೆಟ್ಟಿಲ ಕೆಳಗೆ ನುಗ್ಗಿ ಕೂರುತ್ತದೆ. ಬಾಣಲೆ ಬಿದ್ದರೆ ಉಚ್ಚೆ ಹೊಯ್ದುಕೊಳ್ಳುತ್ತದೆ.

ಈಡಿಗೆ ಹೆದರುವ ಹಕ್ಕಿ ನಾಯಿ. ಅಪ್ಪ ಇದ್ದಿದ್ದರೆ ಹಳ್ಳದ ಆಚೆಗೆ ಕರೆದುಕೊಂಡು ಹೋಗಿ ಒಬ್ಬನೇ ಹಿಂದಿರುಗುತ್ತಿದ್ದ. ಹಾಗೆ ಮಾಡಿದ್ದಾನೆ. ಆ ನಾಯಿಗಳ ಹೆಸರು ಇನ್ನೂ ನನಗೆ ನೆನಪಿದೆ.

ಡಿಸೆಂಬರ್ 17

ಗಾರ್ಲೆಂಡ್ ಬಂದ. ಕೋವಿಯನ್ನು ಚರ್ಮದ ಚೀಲದ ಸಮೇತ ಮೇಜಿನ ಮೇಲಿಟ್ಟು, “ನಿಂದು” ಎಂದ. “ನನಗೆ ಬೇಡ” ಎಂದೆ. “ನನಗೂ ಬೇಡ” ಎಂದ. ಇಷ್ಟು ದಿನ ನನ್ನ ಹೊಟ್ಟೆ ಉರಿಸಿದ ವಸ್ತು, ಈಗ ಅನಾಥ ಶವದಂತೆ ಬಿದ್ದಿತ್ತು.

“ಕೆರೆಗೆ ಎಸೆದುಬಿಡೋಣ್ವಾ?” ಎಂದ.

“ತಾತ ಏನು ಪಾಪ ಮಾಡಿದ್ದ? ಎಸೆಯೋದಿದ್ರೆ ಆ ಮುದುಕನ ಕುರ್ಚಿ ಎಸಿ.”

ತಮಾಷೆಗೆ ಅಂದದ್ದಲ್ಲ. ಇಬ್ಬರೂ ಸೇರಿ ಅಪ್ಪನ ಗಾಲಿಕುರ್ಚಿಯನ್ನು ಕೊಟ್ಟಿಗೆಗೆ ತಳ್ಳಿದೆವು. ಒಂದು ಗಾಲಿ ಕಚ್ಚಿಕೊಂಡಿತ್ತು, ಗಾರ್ಲೆಂಡ್ ಅದಕ್ಕೆ ಒದ್ದ. ನಾನೂ ಒದ್ದೆ. ಬೆರಳು ಊದಿಕೊಂಡಿದೆ.

ಹೆಣ್ಣು ಎಂದು ಅಪ್ಪ ಕೋವಿ ಕೊಡಲಿಲ್ಲ ಎಂದುಕೊಂಡಿದ್ದೆ. ಹಾಗಾಗಿದ್ದರೆ ಹಳೆಯ ಕಾಲದ ಮನುಷ್ಯ ಎಂದು ಬಿಡಬಹುದಿತ್ತು. ಆದರೆ ಇವನಿಗೆ ಬೇಡ, ನನಗೆ ಬೇಕು, ನನಗೆ ಬರುತ್ತದೆ ಎಂದು ಚೆನ್ನಾಗಿ ಗೊತ್ತಿದ್ದೂ, ನನ್ನನ್ನು ಚಾಟಿ ಮಾಡಿಕೊಂಡು ಇವನಿಗೆ ಹೊಡೆದ. ಆ ಚಾಟಿಗೆ ನೀನು ಚಾಟಿ ಎಂದೂ ಹೇಳಲಿಲ್ಲ.

ಜನವರಿ 14, 1990

ಹೊಡೆದೆ.

ಗಾರ್ಲೆಂಡನೇ ಬಲವಂತ ಮಾಡಿದ. “ಹ್ಯಾಂಕ್‌ಗೆ ವಯಸ್ಸಾಯ್ತು, ಇದೇ ಅದರ ಕೊನೇ ಬೇಟೆ ಕಾಲ, ಅದಕ್ಕಾದ್ರೂ ಒಂದು ಹಕ್ಕಿ ಬೇಡ್ವಾ?” ಎಂದ. ಟಿಲ್ಲಿಯನ್ನು ಮನೆಯಲ್ಲೇ ಬಿಟ್ಟು ಹೊರಟೆವು. ಗಾಳಿಯಲ್ಲಿ ಹಿಮದ ಚೂರಿಯಿತ್ತು. ನೀರೆತ್ತುವ ಗಾಳಿಯಂತ್ರದ ಹತ್ತಿರ ಹ್ಯಾಂಕ್ ನಿಂತಿತು. ನಾನು ಕೋವಿಯ ಎರಡೂ ಕುದುರೆ ಎಳೆದು ಮುಂದೆ ಹೋದೆ.

“ನಿಧಾನ ಅಕ್ಕಾ. ಮುಂದೆ ಏನೂ ಇಲ್ಲ, ನಾಯಿ ಎಡಕ್ಕಿದೆ” ಎಂದು ಹಿಂದಿನಿಂದ ಗಾರ್ಲೆಂಡ್ ಮೆಲ್ಲಗೆ ಹೇಳುತ್ತಿದ್ದ. ಹಲ್ಲು ಕೀಳಿಸಲು ಬಂದವರಿಗೆ ಹೀಗೇ ಹೇಳುತ್ತಾನೇನೋ.

ಹಕ್ಕಿಗಳು ಎದ್ದವು. ಮೊದಲ ಈಡು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಎರಡನೆಯದಕ್ಕೆ ಬಲಗಡೆಯ ಗಂಡುಹಕ್ಕಿ ಗಾಳಿಯಲ್ಲೇ ಮಡಚಿಕೊಂಡು ಬಿತ್ತು. ಹ್ಯಾಂಕ್ ಅದನ್ನು ತಂದು ನನ್ನ ಅಂಗೈಯಲ್ಲಿಟ್ಟಿತು. ಬಿಸಿಯಾಗಿತ್ತು, ನಾನು ಊಹಿಸಿದ್ದಕ್ಕಿಂತ ಹಗುರ. ಗಾರ್ಲೆಂಡ್ ಆಚೆ ತಿರುಗಿದ್ದ. “ಸತ್ತಿದೆ, ತಿರುಗು” ಎಂದೆ.

ಸಂತೋಷವೇ? ಹೌದು. ಸುಳ್ಳು ಹೇಳಲಾರೆ, ಕುಣಿಯುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಎಂಥ ಸಿಟ್ಟು! ಐವತ್ತೆರಡಕ್ಕೆ! ಈ ಮೊಣಕಾಲು, ಈ ಸೊಂಟ ಇಟ್ಟುಕೊಂಡು! ಹದಿನಾಲ್ಕರಲ್ಲಿ ಕೊಟ್ಟಿದ್ದರೆ ಈ ಬಯಲನ್ನೆಲ್ಲ ಓಡಿ ಅಳೆಯುತ್ತಿದ್ದೆನಲ್ಲ.

ಮನೆಗೆ ಬಂದಾಗ ಟಿಲ್ಲಿ ಬಾಲ ಆಡಿಸುತ್ತ ಓಡಿಬಂತು. ಕೋಟಿಗೆ ಅಂಟಿದ ಮದ್ದಿನ ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ಹೊಟ್ಟೆ ನೆಲಕ್ಕೆ ಸವರಿಕೊಂಡು ಹಿಂದೆ ಹಿಂದೆ ಸರಿಯಿತು. ನನ್ನಿಂದ. ಹಕ್ಕಿ ಕರಿದೆ, ಗಾರ್ಲೆಂಡ್ ತಿಂದ. ನನಗೆ ಸೇರಲಿಲ್ಲ.

ಜನವರಿ 21

ಟಿಲ್ಲಿಯ ಹೆದರಿಕೆ ಬಿಡಿಸಲು ಒಂದು ದಾರಿ ಇದೆ. ಆದರೆ ಇಬ್ಬರು ಬೇಕು. ಒಬ್ಬರು ನಾಯಿಗೆ ಊಟ ಹಾಕಿ ಪಕ್ಕದಲ್ಲಿರಬೇಕು, ಇನ್ನೊಬ್ಬರು ಕಣ್ಣಿಗೆ ಕಾಣದಷ್ಟು ದೂರದಲ್ಲಿ ಆಕಾಶಕ್ಕೆ ಈಡು ಹೊಡೆಯಬೇಕು. ದಿನ ಕಳೆದಂತೆ ಹತ್ತಿರ ಬರಬೇಕು. ಅವಸರ ಮಾಡಿದರೆ ಎಲ್ಲ ನೀರುಪಾಲು.

ಗಾರ್ಲೆಂಡನನ್ನು ಕೇಳಿದೆ. ಕೇಳುವುದು ಎಷ್ಟು ಕಷ್ಟವಾಯಿತೆಂದರೆ ಬೈದ ಹಾಗೆ ಕೇಳಿದೆ. “ಆಕಾಶಕ್ಕೆ ಹೊಡೆಯೋದು ನಿನಗೆ ಚೆನ್ನಾಗಿ ಬರುತ್ತಲ್ಲ, ಭಾನುವಾರ ಬಾ.”

ಫೋನಿನಲ್ಲಿ ಅವನು ನಕ್ಕ. ಅವನ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಮುಸುಮುಸು ಎಂದು, ಮೂಗಿನಿಂದ, ಥೇಟ್ ಅಮ್ಮನ ಹಾಗೆ.

ಫೆಬ್ರವರಿ 11

ದಿಣ್ಣೆಯ ಆಚೆಯಿಂದ ಈಡು. ಟಿಲ್ಲಿ ಬಟ್ಟಲು ಬಿಟ್ಟು ಓಡಿತು. ಹೋದ ವಾರವೇ ಕದಲದೆ ತಿಂದಿತ್ತು, ನಾನೇ ಆಸೆಬುರುಕಿಯಾಗಿ ಅವನನ್ನು ಹತ್ತಿರ ಕರೆದದ್ದು. ನನ್ನ ಮೇಲಿನ ಸಿಟ್ಟನ್ನು ಗಾರ್ಲೆಂಡನ ಮೇಲೆ ತೀರಿಸಿಕೊಂಡೆ. “ಕಿವುಡನಾ ನೀನು? ಅಲ್ಲೇ ನಿಲ್ಲು ಅನ್ನಲಿಲ್ವಾ?” ಎಂದು ಕೂಗಾಡಿದೆ. ನಾನು ಹಾಗೆ ಅಂದಿರಲಿಲ್ಲ.

ಅವನು ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, “ನೀನು ಥೇಟ್ ಅಪ್ಪನ ಥರ ಬೈತೀಯ ಅಕ್ಕಾ” ಎಂದ.

ಮನೆಗೆ ಬಂದು ಬೀನ್ಸ್ ಬಡಿಸಿದೆ. ಅವನ ತಟ್ಟೆಗೆ ದೊಡ್ಡ ಮಾಂಸದ ತುಂಡು ಹಾಕಿದೆ, ಅಷ್ಟೇ.

ಫೆಬ್ರವರಿ 25

ಬೇಟೆಯ ಕೊನೆಯ ದಿನ. ಸುತ್ತಲಿನ ಹೊಲಗಳಲ್ಲೆಲ್ಲ ಢಂ ಢಂ. ಟಿಲ್ಲಿಯನ್ನು ಸ್ನಾನದ ಮನೆಯಲ್ಲಿ ಕೂಡಿಕೊಂಡು, ರೇಡಿಯೋ ಜೋರಾಗಿ ಹಾಕಿ, ಅದರ ಕಿವಿ ಮುಚ್ಚಿ ಹಿಡಿದುಕೊಂಡಿದ್ದೆ. ಕ್ಲೀಟಸ್ ಬಂದು, “ಅದನ್ನ ಯಾರಿಗಾದ್ರೂ ಮನೆ ಕಾಯೋಕೆ ಕೊಟ್ಟುಬಿಡು ತಾಯಿ” ಎಂದ. ಬಾಗಿಲು ತೋರಿಸಿದೆ.

ಮಾರ್ಚ್ 11

ಬಟ್ಟಲಿನ ಪಾಠ ಸರಿಹೋಗಿದೆ. ಇವತ್ತು ಮೊದಲ ಸಲ ಅದನ್ನು ಬಯಲಿಗೆ ಬಿಟ್ಟೆ, ಸುಮ್ಮನೆ ಓಡಾಡಲಿ ಎಂದು. ಗಾರ್ಲೆಂಡ್ ಕೆರೆ ಏರಿಯ ಮೇಲೆ ಕೋವಿ ಹಿಡಿದು ನಿಂತಿದ್ದ, ದೂರಕ್ಕೆ ಗೂಟದಂತೆ ಕಾಣುತ್ತಿದ್ದ. ನಾನು ಟೋಪಿ ಬೀಸಿದರೆ ಅವನು ಹೊಡೆಯಬೇಕು ಎಂಬ ಏರ್ಪಾಡು.

ಓಡುತ್ತಿದ್ದ ಟಿಲ್ಲಿ ಗಕ್ಕನೆ ತಿರುಗಿತು. ನಿಂತಿತು.

ಡಿಸೆಂಬರಿನಿಂದ ಅದು ನಿಂತಿರಲಿಲ್ಲ. ಹುಲ್ಲಿನಲ್ಲಿ ಒಂದು ಜೋಡಿ ಹಕ್ಕಿ. ಈಗ ಗುಂಪು ಒಡೆದು ಜೋಡಿಯಾಗುವ ಕಾಲ. ಟಿಲ್ಲಿಯ ಗಾಯದ ತೊಡೆ ಅದುರುತ್ತಿತ್ತು. ಟೋಪಿ ಬೀಸಲೇ? ಹಿಂದಿನ ಸಲ ಹೀಗೆ ನಿಂತಾಗಲೇ ಅದಕ್ಕೆ ಏಟು ಬಿದ್ದದ್ದು. ಈಗ ಬೆದರಿತೋ, ಇನ್ನೆಂದೂ ಇಲ್ಲ. ಬೀಸದಿದ್ದರೆ ಇನ್ನೆಂದು? ಕೂಗಿ ಗಾರ್ಲೆಂಡನನ್ನು ಕೇಳುವಂತೆಯೂ ಇಲ್ಲ.

ಬೀಸಿದೆ.

ಈಡು ಕೇಳಿತು. ಟಿಲ್ಲಿಯ ಕಿವಿಗಳು ಹಿಂದಕ್ಕೆ ಅಂಟಿಕೊಂಡವು. ಇಡೀ ಮೈ ಒಂದು ಸಲ ತಗ್ಗಿತು, ಈಗ ಓಡುತ್ತದೆ, ಈಗ ಓಡುತ್ತದೆ ಎಂದುಕೊಂಡೆ. ಓಡಲಿಲ್ಲ. ತಗ್ಗಿದ ಮೈ ಮೆಲ್ಲಗೆ ಮೇಲೇರಿತು. ಬಾಲ ಮತ್ತೆ ನೆಟ್ಟಗಾಯಿತು. ನಾನು ಮುಂದೆ ಹೋಗಿ ಹುಲ್ಲು ಒದ್ದೆ. ಜೋಡಿ ಎದ್ದು ಹಾರಿಹೋಯಿತು. ಟಿಲ್ಲಿ ಅವುಗಳನ್ನೇ ನೋಡುತ್ತ ನಿಂತಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ನಾನು ಕೂತದ್ದು ಕಂಡು ಗಾರ್ಲೆಂಡ್ ಹೆದರಿ ಓಡೋಡಿ ಬಂದ, ಕೋವಿಯನ್ನು ಬಾಯಿ ತೆರೆದು ತೋಳಿಗೆ ನೇತುಹಾಕಿಕೊಂಡು. ಮುಖ ಬಿಳಿಚಿತ್ತು.

“ಏನಾಯ್ತಕ್ಕಾ? ಟಿಲ್ಲಿಗೇನಾಯ್ತು?”

“ನಿಂತಿತು ಕಣೋ” ಎಂದೆ. “ನೀನು ಹೊಡೆದೆ, ಅದು ನಿಂತೇ ಇತ್ತು.”

ಅವನೂ ಹುಲ್ಲಿನಲ್ಲಿ ಕೂತ. ಟಿಲ್ಲಿ ಬಂದು ಮೊದಲು ಅವನ ಕೈ ಮೂಸಿತು, ಆಮೇಲೆ ಕೋವಿ ಮೂಸಿತು, ಸೀನಿತು. ಇಬ್ಬರೂ ನಕ್ಕೆವು. ಬಿಸಿಲು ಚೆನ್ನಾಗಿತ್ತು. ಸುಮಾರು ಹೊತ್ತು ಯಾರೂ ಏಳಲಿಲ್ಲ.

ವಾಪಸ್ ಬರುವ ದಾರಿಯಲ್ಲೇ ಸ್ಮಶಾನ. ಭಾನುವಾರ ಅಲ್ಲಿ ಇಳಿದು ಹೋಗುವುದು ನನ್ನ ರೂಢಿ. ಗಾರ್ಲೆಂಡ್ ಗಾಡಿ ನಿಧಾನ ಮಾಡಿದ.

“ನಿಲ್ಲಿಸ್ಲಾ? ಅಪ್ಪನಿಗೆ ಹೇಳ್ತೀಯಾ?”

ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು, ನಿಜ. ಬೇಲಿಯಾಚೆ ಅವನ ಗೋರಿಯ ಕಲ್ಲು ಕಾಣುತ್ತಿತ್ತು.

“ಬೇಡ” ಎಂದೆ. “ಆ ಮುದುಕನಿಗೆ ಈ ವಿಷಯ ಗೊತ್ತಾಗೋದು ಬೇಡ. ನಡಿ, ನಾಯಿಗೆ ಹಸಿವಾಗಿದೆ.”